ನನ್ನ ಬದಲು ಅತ್ತವಳು

ನನ್ನ ತಂಗಿ ಸತ್ತಾಗ ನಾನು ಅಳಲಿಲ್ಲ. ಐದು ವರ್ಷ ಕಳೆದ ಮೇಲೆ ಕ್ಯಾಮೆರಾ ತಂದು ಎದುರಿಗೆ ಇಟ್ಟರೂ ಅಳಲಿಲ್ಲ. ಅದಕ್ಕೇ ಸಿನಿಮಾದವರು ನನ್ನ ಬದಲು ಅಳುವುದಕ್ಕೆ ಬೇರೊಬ್ಬಳನ್ನು ಕರೆದುಕೊಂಡು ಬಂದರು.

ಅದು ಹಾಡು ಕುಣಿತದ ಸಿನಿಮಾ ಅಲ್ಲ. ನಿಜವಾಗಿ ನಡೆದ ಕೊಲೆಯನ್ನು ನಿಜವಾದ ಜನರ ಬಾಯಿಂದ ಹೇಳಿಸುವ ಡಾಕ್ಯುಮೆಂಟರಿ. ಹಾಗಂತ ಮೇಡಂ ಹೇಳಿದರು. ಮೇಡಂ ಅಂದರೆ ಅದನ್ನು ತೆಗೆದವರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕೋಣೆಗೆ ಎಂಟು ಸಲ ಬಂದರು. ಹಾಸಿಗೆ ಹಿಡಿದಿರುವ ನನ್ನ ಅಮ್ಮನ ಪಕ್ಕ ಕೂತು ಕೈ ಹಿಡಿದು ಮಾತಾಡಿಸಿದರು. ನಮ್ಮ ಲೋಟದಲ್ಲೇ ನೀರು ಕುಡಿದರು. ಲಾಂಡ್ರಿಯಲ್ಲಿ ದುಡಿಯುವ ನಮ್ಮಂಥವರ ಮನೆಯಲ್ಲಿ ನೀರು ಕುಡಿದ ಹೊರಗಿನವರನ್ನು ನಾನು ಅದೇ ಮೊದಲು ನೋಡಿದ್ದು.

ಆದರೆ ಅವರಿಗೆ ನನ್ನ ಕಣ್ಣೀರು ಬೇಕಿತ್ತು. ನನ್ನ ಹತ್ತಿರ ಅದು ಇರಲಿಲ್ಲ.

ಒಂದು ಸಲ ತಂಗಿಯ ಸಮವಸ್ತ್ರ ತೆಗೆಸಿ ನನ್ನ ತೊಡೆಯ ಮೇಲೆ ಇಟ್ಟರು. ಕಿಟಕಿಗೆ ಬಟ್ಟೆ ಕಟ್ಟಿ ಕತ್ತಲೆ ಮಾಡಿದರು. ಮುಖದ ಮೇಲೆ ಒಂದೇ ಲೈಟು.

"ಅಕ್ಕಾ, ಅವಸರ ಇಲ್ಲ. ಅವಳ ಬಟ್ಟೆ ಮುಟ್ಟಿದಾಗ ಏನನ್ಸುತ್ತೆ, ಅದನ್ನೇ ಹೇಳಿ."

"ಗಂಜಿ ಜಾಸ್ತಿ ಆಗಿದೆ ಅನ್ಸುತ್ತೆ ಮೇಡಂ."

ಇನ್ನೊಂದು ಸಲ ಕೇಳಿದರು, "ಆ ಕಾವಲುಗಾರ ಈಗ ನಿಮ್ಮೆದುರಿಗೆ ಬಂದ್ರೆ ಏನ್ ಕೇಳ್ತೀರಾ?"

ನಾನು ಯೋಚನೆ ಮಾಡಿದೆ. "ಊಟ ಆಯ್ತಾ ಮಾಮಾ ಅಂತ ಕೇಳ್ತೀನಿ."

ಕ್ಯಾಮೆರಾದವನು ಕೆಮ್ಮಿದ. ಮೇಡಂ ಲೈಟು ಆರಿಸಿದರು. ಅದಾದ ಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ.

ಮಾಮ ಅಂದರೆ ನಮ್ಮ ಲಾಂಡ್ರಿಯ ಕಾವಲುಗಾರ. ನನ್ನ ತಂಗಿಯನ್ನು ಬಿಸಿ ಕೋಣೆಯಲ್ಲಿ ಕೂಡಿಹಾಕಿ ಸಾಯಿಸಿದ ಅಂತ ಜೈಲಿನಲ್ಲಿದ್ದಾನೆ. ಕೂಡಿಹಾಕಿದವನು ಅವನಲ್ಲ. ಅವನನ್ನು ಬಿಟ್ಟರೆ ಅದು ಗೊತ್ತಿರುವವರು ಇಬ್ಬರೇ. ಒಬ್ಬ ಕೂಡಿಹಾಕಿದವನು. ಇನ್ನೊಬ್ಬಳು ನಾನು.

ಲಾಂಡ್ರಿ ಅಂದರೆ ಬೀದಿಬದಿಯ ಇಸ್ತ್ರಿ ಅಂಗಡಿಯಲ್ಲ. ಏಳು ಆಸ್ಪತ್ರೆಗಳ ಬಟ್ಟೆ ನಮ್ಮಲ್ಲಿಗೆ ಬರುತ್ತದೆ. ಉದ್ದನೆಯ ಶೆಡ್ಡು. ನಡುವೆ ನೆಲದ ಮೇಲೆ ಅಂಗೈ ಅಗಲದ ಹಳದಿ ಗೆರೆ. ಗೆರೆಯ ಈಚೆ ಕೊಳೆ ಕಡೆ, ಆಚೆ ಬಿಳಿ ಕಡೆ. ಗೆರೆಯ ಉದ್ದಕ್ಕೂ ಮಷೀನುಗಳು. ಅವಕ್ಕೆ ಎರಡು ಬಾಯಿ. ಈಚೆ ಬಾಯಿಗೆ ನಾವು ಕೊಳೆ ತುಂಬುತ್ತೇವೆ, ಆಚೆ ಬಾಯಿಂದ ಅವರು ಶುದ್ಧವಾದದ್ದನ್ನು ತೆಗೆಯುತ್ತಾರೆ. ನಾವು ನೀಲಿ ಬಟ್ಟೆ, ಅವರು ಬಿಳಿ ಬಟ್ಟೆ.

ಕೊಳೆ ಕಡೆ ಏನು ಬರುತ್ತದೆ ಅಂತ ಕೇಳಬೇಡಿ. ಕೇಳಿದರೆ ಹೇಳುತ್ತೇನೆ. ರಕ್ತ. ಕೀವು. ಹೇಲು, ಉಚ್ಚೆ, ವಾಂತಿ. ಹೆರಿಗೆ ವಾರ್ಡಿನ ದುಪ್ಪಟಿ ಒದ್ದೆಯಾಗಿ ಕಲ್ಲಿನ ಹಾಗೆ ಭಾರ ಇರುತ್ತದೆ. ಮಡಿಕೆ ಬಿಡಿಸುವಾಗ ಸೂಜಿ ಚುಚ್ಚುತ್ತದೆ. ಒಂದು ದಿನ ನನಗೆ ಒಂದು ಕಾಲ್ಬೆರಳು ಸಿಕ್ಕಿತ್ತು. ಸೂಪರ್‌ವೈಸರು ನೋಡಿ, "ಅದನ್ನೇನ್ ಮೆರವಣಿಗೆ ಮಾಡ್ತೀಯಾ, ಬಕೆಟ್‌ಗೆ ಹಾಕು" ಅಂದ. ಹಾಕಿದೆ. ಸೋಪಿನ ಪುಡಿಗೆ ಬೆರಳ ಸಂದು ಬಿರಿದು ಬಿಳಿಯಾಗಿದೆ. ಈ ಕೈಗೆ ಬಿಸಿ ತಣ್ಣಗೆ ಗೊತ್ತಾಗುವುದು ನಿಂತು ಎಷ್ಟೋ ವರ್ಷ ಆಯಿತು.

ನಮಗೆ ಬೇರೆ ಬಾಗಿಲು. ಬೇರೆ ನಲ್ಲಿ. ಊಟಕ್ಕೆ ಬೇರೆ ಬೆಂಚು. ಗೆರೆ ದಾಟಬಾರದು, ಆಚೆಯ ಯಾವ ವಸ್ತುವನ್ನೂ ಮುಟ್ಟಬಾರದು. ರೋಗ ಅಂಟುತ್ತದೆ, ಅದಕ್ಕೆ ಈ ಕಾನೂನು ಅನ್ನುತ್ತಾರೆ. ಸರಿಯಪ್ಪ, ಬಟ್ಟೆಗೆ ಕಾನೂನು ಬೇಕು, ಒಪ್ಪಿದೆ. ಆದರೆ ಬಿಳಿ ಕಡೆಯವರು ಸಾಯಂಕಾಲ ಸ್ನಾನ ಮಾಡಿ ಬಂದ ನಮ್ಮ ಪಕ್ಕ ಬಸ್ಸಿನಲ್ಲೂ ಕೂರುತ್ತಿರಲಿಲ್ಲ. ಅದು ಯಾವ ಕಾನೂನೋ ಗೊತ್ತಿಲ್ಲ.

ತಂಗಿ ಮೊದಲು ನನ್ನ ಜತೆ ಕೊಳೆ ಕಡೆಯೇ ಇದ್ದಳು. ಎರಡು ವರ್ಷ ಕಳೆದ ಮೇಲೆ ಅವಳನ್ನು ಬಿಳಿ ಕಡೆಗೆ ಹಾಕಿದರು. ಆ ದಿನ ಅವಳು ಬಿಳಿ ಬಟ್ಟೆ ಹಾಕಿಕೊಂಡು ಕೋಣೆಯಲ್ಲಿ ಮೂರು ಸುತ್ತು ತಿರುಗಿ, "ಅಕ್ಕಾ, ಇನ್ಮೇಲೆ ನನ್ನ ಮುಟ್ಟಬೇಡ, ನಾನು ದೊಡ್ಡವ್ಳಾದೆ" ಅಂದಳು. ಅಮ್ಮ ಮಲಗಿದ್ದಲ್ಲಿಂದಲೇ ನಕ್ಕಳು. ಮನೆಯಲ್ಲಿ ನಮಗೆ ಒಂದೇ ಚಾಪೆ, ಒಂದೇ ಬಾಚಣಿಗೆ. ಲಾಂಡ್ರಿಯಲ್ಲಿ ಮಾತ್ರ ಅವಳು ಗೆರೆಯಾಚೆ.

ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಸೀಟಿ. ಹೆಸರು ಹಿಡಿದು ಯಾರನ್ನೂ ಕರೆಯುತ್ತಿರಲಿಲ್ಲ, ಬಾಯಲ್ಲಿ ಸೀಟಿ ಹೊಡೆಯುತ್ತಿದ್ದ. ತಪ್ಪು ಮಾಡಿದವರಿಗೆ ಅವನದೊಂದು ಶಿಕ್ಷೆ ಇತ್ತು. ಬಿಳಿ ಕಡೆ ಮೂಲೆಯಲ್ಲಿ ಕಂಬಳಿ ಒಣಗಿಸುವ ಬಿಸಿ ಕೋಣೆ. ಗೋಡೆಯ ತುಂಬಾ ಹಬೆಯ ಕೊಳವೆ, ಕಂಬಳಿ ಒಣಗಲಿ ಅಂತ ರಾತ್ರಿಯೂ ಬಿಸಿ. ತಪ್ಪು ಮಾಡಿದವರು ಅದರೊಳಗೆ ಹತ್ತು ನಿಮಿಷ ನಿಲ್ಲಬೇಕು. ಹೊರಗಿಂದ ಚಿಲಕ. "ಸ್ವಲ್ಪ ಬೇಯ್ಲಿ, ಬುದ್ಧಿ ಬರುತ್ತೆ" ಅನ್ನುತ್ತಿದ್ದ. ನಮ್ಮಲ್ಲಿ ತುಂಬಾ ಜನ ನಿಂತು ಬಂದಿದ್ದೆವು, ಆ ಶಿಕ್ಷೆಗೆ ಮಾತ್ರ ನಮ್ಮನ್ನು ಗೆರೆ ದಾಟಿಸುತ್ತಿದ್ದ. ಬಂದ ಮೇಲೆ ನೀರು ಕುಡಿದು ಸುಮ್ಮನಾಗುತ್ತಿದ್ದೆವು. ಅದನ್ನು ನಾವು ಅಪರಾಧ ಅಂತ ತಿಳಿದಿರಲಿಲ್ಲ, ಕೆಲಸ ಅಂತ ತಿಳಿದಿದ್ದೆವು.

ಆ ದಿನ ತಂಗಿಯ ಜತೆ ಮಡಿಸುವವಳು ಜ್ವರ ಬಂದು ಅರ್ಧ ಕೆಲಸಕ್ಕೇ ಹೋಗಿಬಿಟ್ಟಳು. ದುಪ್ಪಟಿ ಮಡಿಸುವುದು ಒಬ್ಬರ ಕೆಲಸವಲ್ಲ. ಇಬ್ಬರು ನಾಲ್ಕು ಮೂಲೆ ಹಿಡಿಯಬೇಕು, ಜಾಡಿಸಬೇಕು, ಒಬ್ಬಳು ನಡೆದು ಬಂದು ಇನ್ನೊಬ್ಬಳ ಕೈಗೆ ಮೂಲೆ ಕೊಡಬೇಕು. ಐದು ಗಂಟೆಗೆ ಎಲ್ಲರೂ ಹೋದರು. ಅವಳ ಮೇಜಿನ ಮೇಲೆ ಅರ್ಧ ರಾಶಿ ಹಾಗೇ ಇತ್ತು. ವ್ಯಾನು ಬರುವ ಹೊತ್ತು. ಗೆರೆಯಾಚೆಯಿಂದ ಅವಳು ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ, ನೋಡಿದಳು ಅಷ್ಟೇ.

ನಾನು ಕೈ ತೊಳೆದುಕೊಂಡೆ. ಎರಡು ಸಲ ತೊಳೆದುಕೊಂಡೆ. ಗೆರೆ ದಾಟಿದೆ.

ಇಬ್ಬರೂ ಮಡಿಸಿದೆವು. ಅವಳು ನಗುತ್ತಿದ್ದಳು. "ಥೂ ಎಡಚಿ, ನಿಂದು ಎಲ್ಲಾ ಉಲ್ಟಾ" ಅಂತ ರೇಗಿಸಿದಳು. ನಾನು ಎಡಗೈಯವಳು. ಲಾಂಡ್ರಿಯಲ್ಲೂ ನನ್ನನ್ನು ಎಡಚಿ ಅಂತಲೇ ಕರೆಯುವುದು. ಹಿಂದಿನಿಂದ ಸೀಟಿ ಕೇಳಿಸಿತು. ತಿರುಗಿ ನೋಡಿದೆ. ಅವನು ನಿಂತಿದ್ದ. ನನ್ನ ಕೈಯಲ್ಲಿ ಬಿಳಿ ದುಪ್ಪಟಿ ಇತ್ತು.

"ಕೊಳೆ ಕೈಲಿ ಮುಟ್ಟಿದ್ಯಾ? ಆಸ್ಪತ್ರೆಗೆ ಹೋಗೋ ಬಟ್ಟೇನ? ನಿನ್ ಯೋಗ್ಯತೆ ಏನು, ನೀನೆಲ್ಲಿ ನಿಂತಿದೀಯ?" ಕೋಲು ತೆಗೆದುಕೊಂಡು ನನ್ನನ್ನು ಗೆರೆಯ ಈಚೆಗೆ ನೂಕಿದ. ಕೈಯಲ್ಲಿ ಮುಟ್ಟಲಿಲ್ಲ, ಕೋಲಿನಲ್ಲಿ. ಆಮೇಲೆ ತಂಗಿಗೆ, "ಕರೆದೋಳು ನೀನು, ನಡಿ ಒಳಗೆ" ಅಂದ. ಅವಳು ಬಿಸಿ ಕೋಣೆಗೆ ಹೋದಳು. ಅವನು ಚಿಲಕ ಹಾಕಿದ. ಅಷ್ಟರಲ್ಲಿ ಹೊರಗೆ ಓನರ್ ಕಾರು ಹಾರನ್ ಹೊಡೆಯಿತು. ಹೊಸ ಆಸ್ಪತ್ರೆಯೊಂದನ್ನು ನೋಡುವುದಕ್ಕೆ ಇಬ್ಬರೂ ಹೋಗುವುದಿತ್ತು. ಓಡಿ ಹೋದ.

ಒಳಗಿಂದ ತಂಗಿ ಕೂಗಿದಳು. "ಅಕ್ಕಾ, ನೀನು ಹೋಗು. ಅಮ್ಮಂಗೆ ಮಾತ್ರೆ ಹೊತ್ತು. ಹತ್ ನಿಮಿಷ ತಾನೆ, ಬರ್ತೀನಿ."

ನಾನು ಹೋದೆ.

ಅವಳು ಬರಲಿಲ್ಲ. ವ್ಯಾನಿನ ಜತೆ ಆಸ್ಪತ್ರೆಗೆ ಕಳಿಸಿರುತ್ತಾರೆ, ಅಲ್ಲೇ ಉಳಿದಿರುತ್ತಾಳೆ ಅಂದುಕೊಂಡೆ. ಆಗಾಗ ಹಾಗೆ ಆಗುತ್ತಿತ್ತು. ಆದರೆ ಆ ದಿನ ವ್ಯಾನು ಬಂದೇ ಇರಲಿಲ್ಲ. ಸೀಟಿ ಅವಳನ್ನು ಮರೆತೇಬಿಟ್ಟಿದ್ದ. ಆರು ಗಂಟೆಗೆ ಮಾಮ ದಿನಾ ಹಾಕುವ ಹಾಗೆ ಹೊರಗಿಂದಲೇ ಶೆಡ್ಡಿನ ಬೀಗ ಹಾಕಿದ. ಬೆಳಿಗ್ಗೆ ಅವನೇ ತೆಗೆದ. ಅವನೇ ಅವಳನ್ನು ಹೊತ್ತುಕೊಂಡು ಹೊರಗೆ ಬಂದ. ಹೊತ್ತು ತಂದವನನ್ನೇ ಹಿಡಿದರು.

ಶವಾಗಾರದ ಹೊರಗೆ ಸೀಟಿ ನನ್ನನ್ನು ಪಕ್ಕಕ್ಕೆ ಕರೆದ.

"ಗೆರೆ ದಾಟಿದ್ದು ಹೊರಗೆ ಬಂದ್ರೆ ಮೊದಲು ಜೈಲಿಗೆ ಹೋಗೋಳು ನೀನು. ಕೊಳೆ ಕೈಲಿ ಮುಟ್ಟಿದ ಬಟ್ಟೆ ಆಪರೇಷನ್ ಆದೋರ ಮೈಮೇಲೆ ಹೋಗಿದ್ರೆ? ಅದು ಕೊಲೆ ಕೇಸು. ಅವಳು ಒಳಗೆ ಹೋಗಿದ್ದು ಯಾರಿಂದ? ನಿನ್ನಿಂದ. ನೀನು ಐದಕ್ಕೇ ಎಲ್ಲರ ಜತೆ ಹೋದೆ. ತಿಳೀತಾ? ನಿಮ್ಮಮ್ಮಂಗೆ ಓನರ್ ಕೊಟ್ಟಿರೋ ಕೋಣೆ ಇರುತ್ತೆ, ನಿನಗೆ ಕೆಲಸ ಇರುತ್ತೆ."

ನಾನು ನಂಬಿದೆ. ಹೆದರಿ ಒಪ್ಪಿಕೊಂಡೆ ಅಂದರೆ ಅರ್ಧ ಸುಳ್ಳು. ನಿಜವಾಗಿಯೂ ನಂಬಿದೆ. ನಾನು ಮುಟ್ಟಿದ್ದೇ ಅಪರಾಧ, ಅದರಿಂದಲೇ ಅವಳು ಸತ್ತಳು ಅಂತ ಐದು ವರ್ಷ ನಂಬಿದ್ದೆ. ಪೊಲೀಸರು ಲಾಂಡ್ರಿಯ ಹೆಂಗಸರನ್ನು ಕೇಳಿದ್ದು ಒಂದೇ ಪ್ರಶ್ನೆ: "ಕಾವಲುಗಾರ ಆ ಹುಡುಗಿ ಜತೆ ನಗ್ತಾ ಮಾತಾಡ್ತಿದ್ನಾ?" ಹೌದು, ಮಾತಾಡುತ್ತಿದ್ದ. ಎಲ್ಲರ ಜತೆಯೂ ನಗುತ್ತಾ ಮಾತಾಡುತ್ತಿದ್ದ. ಹೌದು ಅಂತ ಹೇಳಿದೆವು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಿನಿಮಾ ತೋರಿಸಿದರು. ದೊಡ್ಡ ಥಿಯೇಟರು, ಕುರ್ಚಿ ಮೆತ್ತಗೆ. ಲಾಂಡ್ರಿಯವರು ಸಮವಸ್ತ್ರದಲ್ಲೇ ಬರಬೇಕು ಅಂತ ಓನರ್ ಹೇಳಿ ಕಳಿಸಿದ್ದರು. ಪಕ್ಕದ ಬಾಗಿಲಲ್ಲಿ ಬಿಟ್ಟರು. ಬಿಳಿಯವರು ಮುಂದೆ, ನೀಲಿಯವರು ಹಿಂದೆ. ಇಲ್ಲಿ ಯಾವ ಗೆರೆಯೂ ಇರಲಿಲ್ಲ, ಆದರೂ ನಾವು ಹಾಗೇ ಕೂತೆವು. ಒಬ್ಬಳು ಪ್ರತಿ ಸಾಲಿಗೂ ಬಂದು ಕಣ್ಣೊರೆಸಿಕೊಳ್ಳುವುದಕ್ಕೆ ಪೇಪರ್ ಕರವಸ್ತ್ರ ಹಂಚುತ್ತಿದ್ದಳು. ನಮ್ಮ ಸಾಲಿಗೆ ಬರುವಷ್ಟರಲ್ಲಿ ಮುಗಿದಿತ್ತು.

ನನ್ನ ಪಕ್ಕ ಡುಮ್ಮಕ್ಕ. ಕೊಳೆ ಕಡೆಯಲ್ಲಿ ಹದಿನೆಂಟು ವರ್ಷದಿಂದ ಇರುವವಳು. "ನಮ್ಮ ಕಣ್ಣಿಗೆ ತೋಳು ಸಾಕು ಬಿಡೆ" ಅಂದಳು.

ಹಿಂದೆ ತಿರುಗಿದಾಗ ಅತ್ತೆ ಕಂಡಳು. ಮಾಮನ ಹೆಂಡತಿ. ಅವರು ನಮ್ಮಿಂದ ಎರಡು ಕೋಣೆ ಆಚೆ ಇದ್ದರು. ಮಾಮನನ್ನು ಹಿಡಿದ ವಾರದಲ್ಲೇ ಕೋಣೆ ಖಾಲಿ ಮಾಡಿಸಿ ಅವಳ ಪಾತ್ರೆಗಳನ್ನು ಹೊರಗೆ ಇಟ್ಟಿದ್ದರು. ಕೊನೆಯ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು, ಮುಖಕ್ಕೆ ಬಟ್ಟೆ ಹೊದ್ದು. ನಾನು ಎದ್ದು ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ.

"ಯಾಕ್ ಬಂದೆ ಅತ್ತೆ? ಇದ್ರಲ್ಲಿ ಮಾಮನ್ನ ಬೈತಾರೆ."

"ಬೈಲಿ. ಎರಡು ವರ್ಷದಿಂದ ಅಷ್ಟು ದೂರ ಹೋಗಿ ನೋಡೋಕೆ ಆಗಿಲ್ಲ, ಮಂಡಿ ನೋವು. ಪರದೆ ಮೇಲೆ ಆದ್ರೂ ಮುಖ ದೊಡ್ಡದಾಗಿ ಕಾಣುತ್ತಲ್ಲ."

ನಾನು ವಾಪಸ್ ಬಂದು ಕೂತೆ. ದೀಪ ಆರಿತು.

ಒಂದು ಮಾತು ಹೇಳಲೇಬೇಕು. ಸಿನಿಮಾ ತುಂಬಾ ಚೆನ್ನಾಗಿತ್ತು. ನಮ್ಮ ಶೆಡ್ಡು ಅಷ್ಟು ಚೆಂದ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹಬೆಯ ನಡುವೆ ಬಿಸಿಲು ಬೀಳುವುದನ್ನು ತೋರಿಸಿದರು. ತಂಗಿಯ ಚಿಕ್ಕಂದಿನ ಫೋಟೋ ತೋರಿಸಿದರು, ಎರಡು ಜಡೆ, ಮುಂದಿನ ಹಲ್ಲು ಬಿದ್ದದ್ದು. ಹಾಲ್ ತುಂಬಾ ಮೂಗು ಎಳೆದುಕೊಳ್ಳುವ ಸದ್ದು. ಆಮೇಲೆ "ಅಕ್ಕ" ಬಂದಳು.

ಅಕ್ಕ ಅಂದರೆ ನಾನು. ನಾನಲ್ಲ, ನಟಿ. ನಮ್ಮದರ ಹಾಗೇ ಇರುವ ಕೋಣೆಯಲ್ಲಿ ಕೂತಿದ್ದಳು, ಸ್ವಲ್ಪ ಸ್ವಚ್ಛವಾಗಿತ್ತು. ತೊಡೆಯ ಮೇಲೆ ತಂಗಿಯ ಬಟ್ಟೆ. ಮೊದಲು ಗದ್ದ ಅದುರಿತು. ಆಮೇಲೆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಹೊಟ್ಟೆಯೊಳಗಿಂದ ಒಂದು ಕೂಗು ಹಾಕಿದಳು. ಅಯ್ಯೋ ದೇವರೇ, ಏನು ಅಳು ಅದು! ಡುಮ್ಮಕ್ಕ ಗೊಳೋ ಅಂತ ಅತ್ತಳು. ಮುಂದಿನ ಸಾಲಿನ ದೊಡ್ಡ ಮನುಷ್ಯರು ಅತ್ತರು. ಓನರ್ ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಅಯ್ಯೋ ಪಾಪ ಅನ್ನಿಸಿತು. ಯಾರಪ್ಪ ಈ ಹೆಂಗಸು, ಎಷ್ಟು ಕಷ್ಟ ಪಟ್ಟಿದ್ದಾಳೆ ಅಂದುಕೊಂಡೆ. ಆದರೆ ನನ್ನ ಕಣ್ಣು ಮಾತ್ರ ಒಣಗಿತ್ತು. ಮೈಗೆಲ್ಲ ಜೋಮು ಹಿಡಿದ ಹಾಗಿತ್ತು.

ಆಮೇಲೆ ಮಾಮನ ಮುಖ. ಪೊಲೀಸರು ತೆಗೆದ ಫೋಟೋ. ಪರದೆ ತುಂಬಾ. ಕೆಳಗಿಂದ ಗುಂಯ್ ಅಂತ ಸಂಗೀತ. ಯಾರೋ "ಥೂ, ಇವನ್ನ ಸುಟ್ಟುಹಾಕ್ಬೇಕು" ಅಂದರು. ನಾನು ಹಿಂದೆ ನೋಡಿದೆ. ಅತ್ತೆ ಮುಖದ ಬಟ್ಟೆ ಸರಿಸಿದ್ದಳು. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಂತೋಷ ಇತ್ತು. ಫೋಟೋ ಹೋದ ಮೇಲೂ ಪರದೆಯನ್ನೇ ನೋಡುತ್ತಿದ್ದಳು.

ಕೊನೆಗೆ ಆ ದಿನದ್ದನ್ನು ತೋರಿಸಿದರು. ತಂಗಿಯ ಪಾತ್ರದ ಹುಡುಗಿ ಖಾಲಿ ಶೆಡ್ಡಿನಲ್ಲಿ ಒಬ್ಬಳೇ ದುಪ್ಪಟಿ ಮಡಿಸುತ್ತಿದ್ದಳು. ಗದ್ದದ ಕೆಳಗೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದಳು.

ಡುಮ್ಮಕ್ಕ ಅಳುವಿನ ನಡುವೆಯೇ ಕಿಸಕ್ಕೆಂದಳು. "ಅಯ್ಯೋ ನೋಡೆ, ಒಬ್ಬಳೇ ಮಡಿಸ್ತಾಳಂತೆ, ಗದ್ದದಲ್ಲಿ! ನಮ್ಮ ಸೀಟಿ ನೋಡಿದ್ರೆ ಬಿಸಿ ಕೋಣೆಗೇ ಹಾಕ್ತಿದ್ದ."

ಹೇಳಿ ಮುಗಿಸಿದಳು. ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು ಅಂತ ಕಾಣುತ್ತದೆ. ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಆಗ ಪರದೆಯ ಮೇಲೆ ಪೊಲೀಸ್ ಫೋಟೋ ಬಂತು. ನಿಜವಾದದ್ದು. ತಂಗಿಯ ಮೇಜು, ಅದರ ಮೇಲೆ ದುಪ್ಪಟಿಗಳ ಅಟ್ಟಿ. ಮೇಡಂ ಧ್ವನಿ ಮೆತ್ತಗೆ ಹೇಳಿತು: ಅವಳು ಕೊನೆಯದಾಗಿ, ಒಬ್ಬಳೇ ಮಡಿಸಿಟ್ಟ ಬಟ್ಟೆಗಳು. ಹಾಲ್ ಪೂರ್ತಿ ನಿಟ್ಟುಸಿರು ಬಿಟ್ಟಿತು. ಆ ಫೋಟೋವನ್ನು ಲಾಂಡ್ರಿಯ ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ನೋಡಿದವರು ಪೊಲೀಸರು, ವಕೀಲರು. ಅವರು ಜನ್ಮದಲ್ಲಿ ಒಂದು ದುಪ್ಪಟಿ ಮಡಿಸಿದವರಲ್ಲ.

ಮಡಿಸಿದ ಬಟ್ಟೆಗೆ ಪುಸ್ತಕದ ಹಾಗೆ ಒಂದು ಬೆನ್ನು ಇರುತ್ತದೆ. ಅಟ್ಟಿಯಲ್ಲಿ ಎಲ್ಲರ ಬೆನ್ನೂ ಬಲಕ್ಕೆ ಬರುತ್ತದೆ. ನನ್ನದು ಎಡಕ್ಕೆ. ದಿನಾ ಸಾಯಂಕಾಲ ನಮ್ಮ ಏಪ್ರನ್ ಮಡಿಸಿ ಇಡುವಾಗ ನಂದೊಂದು ಉಲ್ಟಾ ನಿಂತಿರುತ್ತದೆ. ಅದಕ್ಕೆ ಇವರೆಲ್ಲ ನಕ್ಕಿದ್ದಾರೆ. ಫೋಟೋದಲ್ಲಿ ಅಟ್ಟಿಯ ಕೆಳಗಿನ ಅರ್ಧ ಬಲಕ್ಕೆ, ಮೇಲಿನ ಅರ್ಧ ಎಡಕ್ಕೆ.

"ಎಡಚಿ" ಅಂದಳು ಡುಮ್ಮಕ್ಕ. ಪಿಸುಮಾತಲ್ಲಿ. ನನ್ನನ್ನು ಕರೆದದ್ದಲ್ಲ. ಓದಿದ್ದು.

ಆ ಕಡೆಯವಳು ತಿರುಗಿದಳು. ಅದರಾಚೆಯವಳು ತಿರುಗಿದಳು. ಹನ್ನೊಂದು ನೀಲಿ ಬಟ್ಟೆ. ಒಬ್ಬೊಬ್ಬರಾಗಿ ನನ್ನನ್ನು ನೋಡಿದರು. ನಾನು ಪರದೆಯನ್ನೇ ನೋಡುತ್ತಿದ್ದೆ. ಎಷ್ಟು ಚೆನ್ನಾಗಿ ಮಡಿಸಿದ್ದೆವು. ಒಂದು ಸುಕ್ಕಿರಲಿಲ್ಲ.

ದೀಪ ಹತ್ತಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಗಿಯುವ ಹಾಗೇ ಕಾಣಲಿಲ್ಲ. ಸೀಟಿ ಕುರ್ಚಿಗಳ ಸಂದಿಯಿಂದ ನನ್ನ ಹತ್ತಿರ ಬಂದ. ಅವನ ಮುಖ ಊದಿಕೊಂಡಿತ್ತು, ಕಣ್ಣು ಕೆಂಪಗಾಗಿತ್ತು. ನಾಟಕ ಇರಬಹುದು ಅಂತ ಹತ್ತಿರದಿಂದ ನೋಡಿದೆ. ನಾಟಕ ಅಲ್ಲ. ಅವನು ನಿಜವಾಗಿ ಅತ್ತಿದ್ದ. ಪರದೆಯ ಮೇಲೆ ಬಂದದ್ದನ್ನು ನೋಡಿ, ಅಯ್ಯೋ ಆ ಹುಡುಗಿ ಅಂತ, ಎಲ್ಲರ ಜತೆ ಸೇರಿ ಅತ್ತಿದ್ದ. ಅಷ್ಟು ಚೆನ್ನಾಗಿತ್ತು ಸಿನಿಮಾ. ತಾನೇ ಹಾಕಿದ ಚಿಲಕವನ್ನು ಅವನು ಮರೆತೇಬಿಟ್ಟಿದ್ದ.

ನನಗೆ ಐದು ವರ್ಷದಲ್ಲಿ ಮೊದಲ ಸಲ ಸಿಟ್ಟು ಬಂತು. ಅದು ಸಿಟ್ಟು ಅಂತ ತಿಳಿಯುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು.

"ಕರೀತಾರೆ ಈಗ" ಅಂದ. "ಎಲ್ಲರಿಗೂ ಥ್ಯಾಂಕ್ಸ್ ಹೇಳು, ಕೈ ಮುಗಿ, ಇಳಿ. ಕಣ್ಣು ಸ್ವಲ್ಪ ಒರೆಸ್ಕೊ, ಜನ ನೋಡ್ತಾರೆ."

ವೇದಿಕೆಯ ಮೇಲೆ ಓನರ್ ಮಾತಾಡಿದರು. ಇನ್ನು ಮುಂದೆ ಲಾಂಡ್ರಿಯಲ್ಲಿ ಗಂಡಸು ಕಾವಲುಗಾರರನ್ನು ಇಡುವುದಿಲ್ಲವಂತೆ. ಚಪ್ಪಾಳೆ. ನಟಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಮೈಯಿಂದ ಒಳ್ಳೆಯ ವಾಸನೆ ಬರುತ್ತಿತ್ತು.

"ನಿಮ್ಮ ನೋವನ್ನ ನಾನು ಅನುಭವಿಸಿದೀನಿ ಅಕ್ಕಾ."

"ಹೌದಾ" ಅಂದೆ. "ನಂಗೆ ಆಗ್ಲಿಲ್ಲ."

ಮೈಕು ಕೊಟ್ಟರು. ಕೆಳಗೆ ಒದ್ದೆ ಮುಖಗಳು. ಎಲ್ಲರೂ ಇನ್ನೊಂದು ಸಲ ಅಳುವುದಕ್ಕೆ ತಯಾರಾಗಿದ್ದರು.

"ನಾನು ಥ್ಯಾಂಕ್ಸ್ ಹೇಳಲ್ಲ" ಅಂದೆ. "ಕಡೇಲಿ ತೋರಿಸಿದ್ರಲ್ಲ ಬಟ್ಟೆ, ಅವಳೊಬ್ಬಳೇ ಮಡಿಸಿದ್ದು ಅಂತ. ಸುಳ್ಳು. ಆ ಕಡೆ ಹಿಡ್ಕೊಂಡಿದ್ದು ನಾನು. ನಾನು ಐದಕ್ಕೆ ಹೋಗ್ಲಿಲ್ಲ, ಅಲ್ಲೇ ಇದ್ದೆ. ಕೊಳೆ ಕಡೆಯೋಳು ಬಿಳಿ ಬಟ್ಟೆ ಮುಟ್ಟಿದ್ಲು ಅಂತ ಅವಳನ್ನ ಬಿಸಿ ಕೋಣೆಗೆ ಹಾಕಿದ್ರು. ಹಾಕಿದ್ದು ಕಾವಲುಗಾರ ಅಲ್ಲ. ಸೂಪರ್‌ವೈಸರ್. ಅಲ್ಲಿ ನಿಂತಿದಾನಲ್ಲ, ಅವನೇ. ಹಾಕಿ ಮರೆತುಬಿಟ್ಟ."

ಮೂಲೆಯಲ್ಲಿ ಯಾರೋ ಒಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿ ನಿಲ್ಲಿಸಿದರು. "ಪಾಪ, ದುಃಖಕ್ಕೆ ತಲೆ ಕೆಟ್ಟಿದೆ" ಅಂದರು ಮುಂದಿನ ಸಾಲಿನಲ್ಲಿ. ಓನರ್ ಮೈಕಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

ಹಿಂದಿನಿಂದ ಡುಮ್ಮಕ್ಕ ಎದ್ದು ನಿಂತಳು. "ತಲೆ ಕೆಟ್ಟಿಲ್ಲ ಅವಳಿಗೆ! ಅದು ಎಡಚಿ ಮಡಿಕೆ. ನಮ್ಗೆಲ್ಲ ಗೊತ್ತು. ಆ ಕೋಣೆಲಿ ನನ್ನನ್ನೂ ನಿಲ್ಸಿದ್ದ ಇವನು, ಎರಡು ಸಲ!" ಇನ್ನೂ ಇಬ್ಬರು ಎದ್ದರು. ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಅವರಿಗೂ ಕೋಣೆ ಬೇಕು, ಕೆಲಸ ಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮೇಡಂ ಬಿಳಿಚಿಕೊಂಡು ನಿಂತಿದ್ದರು. ಅವರು ಮೊದಲು ನೋಡಿದ್ದು ನನ್ನನ್ನಲ್ಲ, ಕ್ಯಾಮೆರಾದವನನ್ನು. "ತಗೊಂಡ್ಯಾ?" ಅಂದರು. ಅವನು ಇಲ್ಲ ಅಂತ ತಲೆ ಆಡಿಸಿದ, ಕ್ಯಾಮೆರಾ ಎತ್ತಿಕೊಂಡ. ಮೇಡಂ ನನ್ನ ಭುಜದ ಮೇಲೆ ಕೈ ಇಟ್ಟರು. ಕಣ್ಣಲ್ಲಿ ನೀರಿತ್ತು.

"ಅಕ್ಕಾ, ಇನ್ನೊಂದ್ ಸಲ ಹೇಳ್ತೀರಾ? ಮೊದಲಿಂದ. ಈ ಕಡೆ ತಿರುಗಿ."

"ಇಲ್ಲ ಮೇಡಂ. ಇನ್ನೊಂದ್ ಸಲ ಸ್ಟೇಷನ್‌ನಲ್ಲಿ ಹೇಳ್ತೀನಿ."

ಮೈಕನ್ನು ನೆಲದ ಮೇಲೆ ಇಟ್ಟು ಇಳಿದೆ.

ನಡುವಿನ ದಾರಿಯಲ್ಲಿ ಡುಮ್ಮಕ್ಕ ಸಿಕ್ಕಿದಳು. "ನಿಮ್ಮಮ್ಮನ ಹತ್ರ ನಾನು ಹೋಗ್ತೀನಿ. ಅವರು ಕೋಣೆ ಖಾಲಿ ಮಾಡ್ಸೋಕೆ ಬಂದ್ರೆ ಬಾಗ್ಲಲ್ಲೇ ಕೂತ್ಕೋತೀನಿ. ನನ್ನ ಎತ್ತೋಕೆ ನಾಲ್ಕು ಜನ ಬೇಕು. ನೀನು ನಡಿ."

ಮೆಟ್ಟಿಲ ಹತ್ತಿರ ಅತ್ತೆ ನಿಂತಿದ್ದಳು. ನಾನು ಹತ್ತಿರ ಹೋದೆ. ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಅವಳು ಕೆನ್ನೆಗೆ ಹೊಡೆದಳು. ಮುದುಕಿಯ ಕೈ, ಆದರೂ ಕಿವಿ ಗುಂಯ್ ಅಂದಿತು.

"ಐದು ವರ್ಷ. ಐದು ವರ್ಷ ನಾಲಿಗೆ ಎಲ್ಲಿಟ್ಟಿದ್ದೆ? ನನ್ನ ಪಾತ್ರೆ ಬೀದಿಲಿದ್ದಾಗ ಬಾಗಿಲ ಸಂದಿಲಿ ನಿಂತು ನೋಡಿದ್ಯಲ್ಲೇ ನೀನು!"

"ನೋಡಿದೆ ಅತ್ತೆ."

"ಅವನಿಗೆ ಹಲ್ಲೆಲ್ಲ ಹೋಗಿದೆ ಅಲ್ಲಿ. ಗೊತ್ತಾ?"

"ಗೊತ್ತಿಲ್ಲ."

ಇನ್ನೊಂದು ಹೊಡೆಯಲಿ ಅಂತ ನಿಂತೆ. ಅವಳು ಹೊಡೆಯಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡಳು, ಬಿಟ್ಟರೆ ಓಡಿಹೋಗುತ್ತೇನೆ ಅನ್ನುವ ಹಾಗೆ. "ನಡಿ" ಅಂದಳು. ಬಿಸಿಲಲ್ಲಿ ಇಬ್ಬರೂ ನಡೆದೆವು. ಅವಳ ಮಂಡಿಗೆ ತಕ್ಕ ಹಾಗೆ ನಿಧಾನವಾಗಿ.

ಸ್ಟೇಷನ್ನಿನಲ್ಲಿ ಮೊದಲು ನಾಳೆ ಬನ್ನಿ ಅಂದರು. ಅತ್ತೆ ಬೆಂಚಿನ ಮೇಲೆ ಕೂತುಬಿಟ್ಟಳು. ಆಮೇಲೆ ಸಾಹೇಬರು ಬಂದ ಮೇಲೆ ಅಂದರು. ಅವಳು ಅಲ್ಲಾಡಲಿಲ್ಲ. ಕೊನೆಗೆ ಹೇಳಿಕೆ ಬರೆದುಕೊಳ್ಳುವ ಪೊಲೀಸು ಬೇಸರದಿಂದ ಕಾಗದ ಎಳೆದುಕೊಂಡ. ವಯಸ್ಸು ಚಿಕ್ಕದು. ನಾನು ಹೇಳುತ್ತಾ ಹೋದೆ, ಅವನು ಬರೆಯುತ್ತಾ ಹೋದ. ಜ್ವರ ಬಂದವಳು, ಮೇಜು, ದುಪ್ಪಟಿ, ಕೋಲು, ಕಾರಿನ ಹಾರನ್ನು.

"ಅವನು ಹೋದಾಗ ನೀನೆಲ್ಲಿದ್ದೆ?"

"ಬಿಸಿ ಕೋಣೆ ಹತ್ರ ಸಾರ್. ಗೆರೆ ಪಕ್ಕ."

"ಅಲ್ಲಿಂದ ಬಾಗಿಲು ಎಷ್ಟು ದೂರ?"

"ನಾಲ್ಕು ಹೆಜ್ಜೆ."

"ಬೇರೆ ಯಾರಿದ್ರು?"

"ಯಾರೂ ಇಲ್ಲ. ಅವಳು ಒಳಗೆ, ನಾನು ಹೊರಗೆ."

"ಬೀಗ ಹಾಕಿದ್ನಾ?"

"ಇಲ್ಲ ಸಾರ್. ಬರೀ ಚಿಲಕ."

ಅವನು ಬರೆಯುವುದನ್ನು ನಿಲ್ಲಿಸಿದ. ತಲೆ ಎತ್ತಿ ನನ್ನನ್ನು ನೋಡಿದ. ಆ ಪ್ರಶ್ನೆ ಬರುತ್ತದೆ ಅಂತ ನನಗೆ ಗೊತ್ತಿತ್ತು. ಐದು ವರ್ಷದಿಂದ ಗೊತ್ತಿತ್ತು. ಎಂಟು ಸಲ ಬಂದ ಕ್ಯಾಮೆರಾದ ಮುಂದೆ ಕೂತಾಗಲೂ ನಾನು ಹೆದರುತ್ತಿದ್ದದ್ದು ಈ ಒಂದು ಪ್ರಶ್ನೆಗೆ.

"ಮತ್ತೆ ನೀನೇ ಯಾಕೆ ತೆಗೀಲಿಲ್ಲ?"

ಬೆಂಚಿನ ಮೇಲೆ ಅತ್ತೆಯೂ ತಿ‌ರುಗಿದಳು.

"ಅದು ಬಿಳಿ ಕಡೆ ಚಿಲಕ ಸಾರ್" ಅಂದೆ. "ಮುಟ್ಟಬಾರದು ಅಂದಿದ್ರು."

ಅವನಿಗೆ ಅರ್ಥವಾಗಲಿಲ್ಲ. ಪೆನ್ನು ಕಾಗದದ ಮೇಲೆ ಹಾಗೇ ನಿಂತಿತ್ತು. "ಇದನ್ನ ಏನಂತ ಬರ್ಕೊಳ್ಳಲಿ?"

"ಹಾಗೇ ಬರ್ಕೊಳ್ಳಿ. ಮುಟ್ಟಬಾರದು ಅಂದಿದ್ರು, ಮುಟ್ಟಲಿಲ್ಲ."